ಕಾಗೆಯ ಒಂದೇ ಭಾಷಣ

ಕಾಡಿನ ಸಭೆಯಲ್ಲಿ ಕಾಗೆ ಬಹುಕಾಲದ ಸದಸ್ಯ. ಎದ್ದು ನಿಂತಾಗಲೆಲ್ಲ ಅದರದು ಒಂದೇ ಮಾತು: "ಗಡಿ ಕಾದು ಕಾಲು ಮುರಿದುಕೊಂಡ ಮುದಿ ಕಾಡುಕೋಣಗಳಿಗೂ ದಿನವಿಡೀ ದುಡಿಯುವ ಇರುವೆ ಸಂಸಾರಗಳಿಗೂ ಕಣಜದಲ್ಲಿ ಪಾಲು ಕೊಡಿ."

ಗಿಳಿ ನಕ್ಕಿತು. "ಹಿರಿಯರೇ, ನಾನು ಪ್ರತಿ ಅಧಿವೇಶನಕ್ಕೂ ಹೊಸ ಭಾಷಣ ಕಲಿತು ಬರುತ್ತೇನೆ. ನಿಮಗೆ ಬೇರೆ ಮಾತೇ ಬರುವುದಿಲ್ಲವೇ?"

"ಅವರ ಹಸಿವು ಹಳೆಯದೇ ಇದೆಯಲ್ಲ," ಎಂದ ಕಾಗೆ ಮತ್ತೆ ಅದನ್ನೇ ಕೂಗಿತು.

ಕೊನೆಗೊಂದು ದಿನ ಸಭಾಧ್ಯಕ್ಷ ಆನೆ, "ಆಯಿತು ಮಾರಾಯರೇ, ಪಾಲು ಮಂಜೂರು. ಕಣಜದ ಬಾಗಿಲು ತೆಗೆಯಿರಿ," ಎಂದಿತು. ಗಿಳಿ ಅಭಿನಂದನಾ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡಿತು. ಕಾಗೆ ರೆಕ್ಕೆ ಬಿಚ್ಚಿತು.

"ಗೆದ್ದಿರಲ್ಲ, ಕುಳಿತು ಹೊಗಳಿಕೆ ಕೇಳಿ. ಎಲ್ಲಿಗೆ ಹೊರಟಿರಿ?" ಎಂದಿತು ಗಿಳಿ.

"ಮಂಜೂರಾದದ್ದು ಇಲ್ಲಿ, ಹಸಿದವರು ಇರುವುದು ಕಾಡಿನ ಅಂಚಿನಲ್ಲಿ. ಅವರಿಗೆ ಯಾರು ಹೇಳುತ್ತಾರೆ?"

ಕಾಗೆ ಪೊದೆ ಪೊದೆಗೂ ಹೋಗಿ ಕೂಗಿತು. ಕೋಣಗಳು ಕುಂಟುತ್ತ ಬಂದವು, ಇರುವೆಗಳು ಮಕ್ಕಳು ಮರಿ ಕಟ್ಟಿಕೊಂಡು ಬಂದವು. ಎಲ್ಲರೂ ಉಂಡ ಮೇಲೆ ಕಾಗೆಯ ಸದ್ದು ನಿಂತಿತು.

"ಅಂತೂ ಸುಮ್ಮನಾದಿರಿ!" ಎಂದಿತು ಗಿಳಿ.

ಕಾಗೆಯ ಬಾಯಲ್ಲಿ ಆಗಷ್ಟೇ ಮೊದಲ ತುತ್ತು ಇತ್ತು.