ಅಜ್ಜಾರ ಕಾರಿನ ಬ್ರೇಕು

ಹೊಳೆಯ ದಂಡೆಯ ಮೇಲೊಂದು ಮಠ. ಮಠದಲ್ಲಿ ಸ್ವಾಮಿಗಳಾದ ಅಜ್ಜಾರು, ಇಬ್ಬರು ಶಿಷ್ಯರು, ಮತ್ತೊಂದು ಹಳೇ ಕಾಲದ ಪುಟ್ಟ ಕಾರು.

ಕಾರು ಎಷ್ಟು ಪುಟ್ಟದೆಂದರೆ, ಬಾಗಿಲು ಹಾಕಿದರೆ ಅಜ್ಜಾರ ಗಡ್ಡ ಹೊರಗೇ ಉಳಿಯುತ್ತಿತ್ತು. ಇರಲಿ, ಸ್ವಲ್ಪ ಹೆಚ್ಚಾಯಿತು. ಗಡ್ಡದ ತುದಿ ಮಾತ್ರ.

ಅದನ್ನು ಗ್ಯಾರೇಜಿಗೆ ಒಯ್ಯುವ ರೂಢಿ ಇರಲಿಲ್ಲ. ಸರ್ವಿಸ್ ಎಲ್ಲ ಮಠದ ಅಂಗಳದಲ್ಲೇ, ಅಜ್ಜಾರ ಕೈಯಲ್ಲೇ.

ಒಂದು ಬೆಳಿಗ್ಗೆ ಹಿರಿಯ ಶಿಷ್ಯ ಕಲ್ಮೇಶ ಬಂದು ಕೈಮುಗಿದ.

“ಅಜ್ಜಾರ, ಗುಡ್ಡದ ಮ್ಯಾಲಿನ ಗವಿಗೆ ಹೋಗಾಕ ಅಪ್ಪಣಿ ಕೊಡ್ರಿ. ಇನ್ನ ಒಬ್ಬನ ಇರ್ತೀನಿ. ನನಗ ಯಾರೂ ಬ್ಯಾಡ್ರಿ.”

“ಈರಯ್ಯನ ಜೋಡಿ ಮಾತು ಬಿಟ್ಟು ಎಷ್ಟು ದಿನ ಆತು?”

ಈರಯ್ಯ ಕಿರಿಯ ಶಿಷ್ಯ. ಕಲ್ಮೇಶ ಭಕ್ತರ ಮುಂದೆ ಪ್ರವಚನ ಹೇಳುತ್ತಿದ್ದಾಗ, “ಅಣ್ಣಾ, ನಡುವ ಒಂದು ಸಾಲು ಬಿಟ್ಟಿ” ಎಂದು ಕೂಗಿ ಹೇಳಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ,” ಎಂದ ಕಲ್ಮೇಶ.

“ಹೌದಾ? ನಾ ಸುಮ್ನ ಕೇಳ್ದೆ.” ಅಜ್ಜಾರು ಕಾರಿನತ್ತ ಕೈ ತೋರಿಸಿದರು. “ಇದರ ಸರ್ವಿಸ್ ಒಬ್ಬನ ಮಾಡಿ ಮುಗಸು. ಮುಗಸಿದ್ರ ಗವಿ ನಿಂದು.”

ಕಲ್ಮೇಶ ಬಾನೆಟ್ ಎತ್ತಿದ. ಇಷ್ಟು ದಿನ ಕೂತು ತಿರುಗಿದ ಗಾಡಿಯ ಹೊಟ್ಟೆಯೊಳಗೆ ಏನಿದೆಯೆಂದು ಅವನು ನೋಡಿರಲೇ ಇಲ್ಲ. ಮೂಗು ಒಳಗಿಟ್ಟವನು ಹೊರಗೆ ತೆಗೆಯಲಿಲ್ಲ.

“ಅಜ್ಜಾರ, ಈ ಎಣ್ಣಿ ಯಾಕ ಇಷ್ಟು ಕಪ್ಪಾಗೈತಿ?”

“ಹೊಲಸು ತೊಳದದ್ದಕ್ಕ.”

“ಹೊಸದು ಹಾಕಿದ್ರ?”

“ಅದೂ ಆಗ್ತೈತಿ.”

ಎಣ್ಣೆ ಬದಲಾಯಿತು. ಪ್ಲಗ್ಗುಗಳು ಮರಳುಕಾಗದ ತಿಕ್ಕಿಸಿಕೊಂಡು ಹೊಳೆದವು. ಕಿಡಿ ಹೊತ್ತಿಸುವ ಪಾಯಿಂಟಿನ ಸಂದು ಅಳೆಯಲು ಯಾರದೋ ಲಗ್ನಪತ್ರಿಕೆಯ ದಪ್ಪ ಹಾಳೆ ಸಿಕ್ಕಿತು. ಸನ್ಯಾಸಿಗೆ ಲಗ್ನಪತ್ರಿಕೆಯಿಂದ ಬೇರೆ ಉಪಯೋಗ ನನಗಂತೂ ತೋಚದು.

“ಬ್ರೇಕ್ ಒತ್ತಿ ನೋಡು,” ಎಂದರು ಅಜ್ಜಾರು.

ಪೆಡಲ್ ನಾದಿದ ಹಿಟ್ಟು ತುಳಿದಂತೆ ಮೆತ್ತಗೆ ಇಳಿಯಿತು.

“ಬ್ರೇಕಿನ ಎಣ್ಣಿ ಪೈಪಿನೊಳಗ ಗಾಳಿ ಹೊಕ್ಕೈತಿ. ಪೆಡಲ್ ಒತ್ತಿ ಹಿಡಕೊಂಡು ಚಕ್ರದ ಹಿಂದಿನ ನಟ್ ಸಡಿಲ ಮಾಡು. ಗಾಳಿ ಬರ್ತೈತಿ. ನಟ್ ತಿರುಗಿ ಬಿಗಿಯೂತನ ಪೆಡಲ್ ಬಿಡಬ್ಯಾಡ.”

ಕಲ್ಮೇಶ ಪೆಡಲ್ ನೋಡಿದ. ಹಿಂದಿನ ಚಕ್ರ ನೋಡಿದ. ತನ್ನ ಕಾಲಿನ ಉದ್ದ ನೋಡಿದ.

“ಒಬ್ಬನ ಹೆಂಗ್ರಿ?”

“ನನಗೇನು ಗೊತ್ತು? ಗವಿಗೆ ಹೊಂಟಾಂವ ನೀನು.”

ಅವನು ಅಡುಗೆಮನೆಯಿಂದ ರುಬ್ಬುವ ಗುಂಡುಕಲ್ಲು ತಂದು ಪೆಡಲ್ ಮೇಲಿಟ್ಟ. ಓಡಿ ಹೋಗಿ ಚಕ್ರದ ಬಳಿ ಮಲಗಿ ನಟ್ ಬಿಚ್ಚಿದ. ಕಲ್ಲು ಜಾರಿತು. ಪೆಡಲ್ ಮೇಲೆದ್ದಿತು. ಪೈಪು ಗೊರಕ್ಕೆಂದು ಮತ್ತಷ್ಟು ಗಾಳಿ ಎಳೆದುಕೊಂಡಿತು. ಜೋಳದ ಚೀಲ ಇಟ್ಟ. ಅದೂ ಉರುಳಿತು.

ಬಾಟಲಿಗೆ ನಳಿಗೆ ಹಚ್ಚಿ ಒಬ್ಬರೇ ಮಾಡಬಹುದಲ್ಲ ಅನ್ನುತ್ತೀರಿ. ನನಗೂ ಗೊತ್ತು. ಕಲ್ಮೇಶನಿಗೆ ಗೊತ್ತಿರಲಿಲ್ಲ, ಅಜ್ಜಾರು ಹೇಳಲಿಲ್ಲ.

ಮರುದಿನ ಅಜ್ಜಾರು ಇದೇ ಕಾರಿನಲ್ಲಿ ಗುಡ್ಡದಾಚೆಯ ಊರಿಗೆ ಹೋಗುವವರಿದ್ದರು. ಈರಯ್ಯನನ್ನು ಕರೆದರೆ ಗವಿ ಹೋಯಿತು. ಕರೆಯದಿದ್ದರೆ, ಆ ಇಳಿಜಾರಿನಲ್ಲಿ ಈ ಬ್ರೇಕು.

ಕಲ್ಮೇಶ ಎದ್ದು ನಿಂತ. ಗಡ್ಡದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

“ಈರಯ್ಯಾ,” ಎಂದು ಪಡಸಾಲೆಯಲ್ಲಿದ್ದವನನ್ನು ಕೂಗಿದ.

“ಆಂ?”

“ಕಾಲು ಖಾಲಿ ಅದಾವೇನು?”

“ಬಾಯಿ ಅಷ್ಟ ಬಂದ್ ಇತ್ತಣ್ಣಾ. ಕಾಲು ಯಾವಾಗ್ಲೂ ಖಾಲಿ.”

ಈರಯ್ಯ ಕಾರಿನೊಳಗೆ ಕೂತ. ಕಲ್ಮೇಶ ಚಕ್ರದ ಬಳಿ ಮಲಗಿದ.

“ಒತ್ತು.”

“ಒತ್ತೀನಿ.”

“ಹಿಡಿ.”

“ಹಿಡದೀನಿ.”

ನಟ್ಟಿನಿಂದ ಎಣ್ಣೆಯ ಜೊತೆ ಗುಳ್ಳೆಗಳು ಬಂದವು. ಕಲ್ಮೇಶ ಕಣ್ಣರಳಿಸಿ ನೋಡಿ, ಬಿಗಿದ.

“ಬಿಡು.”

“ಬಿಟ್ಟೆ.”

ಹೀಗೆ ಒಂದೊಂದೇ ಚಕ್ರ. ಕೊನೆಯ ಚಕ್ರಕ್ಕೆ ಬಂದಾಗ ಕಲ್ಮೇಶ ಗದರಿದ. “ಹಿಡಿ ಅಂದ್ರ ಹಿಡೀಬೇಕು! ನಿದ್ದಿ ಬಂತೇನು?”

“ಅಣ್ಣಾ, ನೀ ‘ಒತ್ತು’ ಅನ್ನೂದ ಬಿಟ್ಟಿ.”

ಚಕ್ರದ ಬಳಿಯಿಂದ ನಗು ಕೇಳಿತು. ಸಣ್ಣಗೆ ಸುರುವಾದದ್ದು ಕಾರನ್ನೇ ಅಲ್ಲಾಡಿಸಿತು.

ಸಂಜೆ ಕಲ್ಮೇಶ ಅಜ್ಜಾರ ಮುಂದೆ ನಿಂತ.

“ಸರ್ವಿಸ್ ಆತ್ರಿ. ಒಬ್ಬನ ಮಾಡಲಿಲ್ಲ.”

“ಮತ್ತ ಗವಿ?”

“ಇರಲಿ ಬಿಡ್ರಿ.”

ಹೋಗಲು ತಿರುಗಿದವನು ಹಾಗೇ ನಿಂತ. ತಲೆಯೊಳಗೆ ಏನೋ ಕೆರೆಯುತ್ತಿತ್ತು.

“ಅಜ್ಜಾರ, ಒಂದು ತಿಳೀವಲ್ದು. ಪೈಪು ಎಲ್ಲೂ ಸೋರಿಲ್ಲ. ನಟ್ಟೂ ಬಿಗಿ ಇದ್ದುವು. ನಾ ಮುಟ್ಟೂಕಿಂತ ಮೊದಲ ಅಷ್ಟು ಗಾಳಿ ಒಳಗ ಹೆಂಗ ಹೊಕ್ತು?”

ಅಜ್ಜಾರು ಕಾರಿನೊಳಗೆ ಕಾಲಿಟ್ಟು ಪೆಡಲ್ ಒತ್ತಿದರು. ಗಟ್ಟಿಯಾಗಿತ್ತು. ಇನ್ನೊಮ್ಮೆ ಒತ್ತಿದರು.

“ಹೋದ ಸಲ ಸರ್ವಿಸ್ ಮಾಡೂಮುಂದ ನಾನೂ ಗವಿಯಾಗ ಇರ್ತಿದ್ದೆ. ಅಂಗಳಕ್ಕ ಇಳದು ಬಂದು, ಯಾರನ್ನೂ ಕರೀದ ಒಬ್ಬನ ಮಾಡಿದ್ದೆ.”