ನೀರಕ್ಕ ಕುಗ್ಗದ ದಿನ

ಆಗಿನ್ನೂ ಲೋಕ ಹೊಸದು. ಆಕಾಶಕ್ಕೆ ಬಳಿದ ನೀಲಿ ಪೂರ್ತಿ ಒಣಗಿರಲಿಲ್ಲ. ಎತ್ತರಕ್ಕೆ ಹಾರಿದ ಹಕ್ಕಿಗಳೆಲ್ಲ ಬೆನ್ನಿಗೆ ಬಣ್ಣ ಮೆತ್ತಿಕೊಂಡು ಬರುತ್ತಿದ್ದವು. ನಂಬಿಕೆ ಬಾರದಿದ್ದರೆ ಮಿಂಚುಳ್ಳಿಯ ಬೆನ್ನು ನೋಡಿ.

ಆ ಕಾಲದಲ್ಲಿ ಗುಡ್ಡಗಳು ನಡೆದಾಡುತ್ತಿದ್ದವು. ಹಾಗಾಗಿ ಎಲ್ಲೆಲ್ಲೂ ಜಾಗದ್ದೇ ಪರದಾಟ. ಅದಕ್ಕೆಂದೇ ಲೋಕದಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಸಾಕು, ಕೂತವರು ಮೈ ಕುಗ್ಗಿಸಿ ಜಾಗ ಬಿಡಬೇಕು. ಆಗಲ್ಲ ಅನ್ನುವ ಹಾಗಿಲ್ಲ.

ಈ ಪದ್ಧತಿಯಿಂದ ಕೊಬ್ಬಿದವನು ಗುಡ್ಡಪ್ಪ. ನಡೆದು ಸುಸ್ತಾದ ಕೂಡಲೇ ಎದುರಿಗೆ ಸಿಕ್ಕವರ ಮೇಲೆ ಕೂತುಬಿಡುತ್ತಿದ್ದ. ಹತ್ತಿಯ ಮೇಲೆ ಕೂತ. ಆನೆಯಷ್ಟಿದ್ದ ಹತ್ತಿ ಮೊಲದಷ್ಟಾಯಿತು. ಗಾಳಿಯ ಮೇಲೆ ಕೂತ. ಊರಗಲ ಇದ್ದ ಗಾಳಿ ಅಂಗೈಯಗಲ ಆಯಿತು. ಹುಲ್ಲಿನ ಮೆದೆಯ ಮೇಲೆ ಕೂತ, ಅದು ಚಾಪೆಯಾಯಿತು.

ಒಂದು ಸುಡು ಮಧ್ಯಾಹ್ನ ಅವನ ಕಣ್ಣು ನೀರಕ್ಕನ ಹೊಂಡದ ಮೇಲೆ ಬಿತ್ತು.

ನೀರಕ್ಕ ಎಲ್ಲರಿಗೂ ಬೇಕಾದವಳು. ಬಟ್ಟಲಿಗೆ ಬಾ ಅಂದರೆ ಬಟ್ಟಲಿನಂತೆ, ಎಮ್ಮೆಯ ಗೊರಸಿನ ಗುಳಿಗೆ ಬಾ ಅಂದರೆ ಗುಳಿಯಂತೆ ಆಗುವವಳು. ಇಂಥ ಕಡೆ ಕೂರಲ್ಲ ಅಂತ ಮುಖ ತಿರುಗಿಸಿದವಳೇ ಅಲ್ಲ. 'ಕರೆದ ಆಕಾರಕ್ಕೆಲ್ಲ ಬರೋಳು, ಚಿಕ್ಕದಾಗು ಅಂದ್ರೆ ಆಗದೆ ಇರ್ತಾಳಾ?' ಅಂದುಕೊಂಡ ಗುಡ್ಡಪ್ಪ. ಅವನು ಎಡವಿದ್ದೇ ಅಲ್ಲಿ.

"ಏನಮ್ಮ ನೀರಕ್ಕ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ತಂಪಾಗಿ ಕೂರಬೇಕು."

"ಇವತ್ತು ಬೇಡ ಗುಡ್ಡಣ್ಣ. ಬಾಣಂತಿ ಇರೋ ಮನೆ."

ನಿಜವೇ. ಗೆಂಡೆ ಮೀನು ಮೂರು ದಿನದ ಹಿಂದಷ್ಟೇ ಹೊಂಡದ ಪಾಚಿಗೆ ಮೊಟ್ಟೆ ಅಂಟಿಸಿ, ಪಕ್ಕದಲ್ಲೇ ಕಾವಲು ನಿಂತಿತ್ತು. ಸಂಜೆಗೆ ಮರಿಗಳು ಹೊರಬರಬೇಕಿತ್ತು.

"ಮನೆ ಬಿಡು ಅಂದೆನಾ? ಚಿಕ್ಕದಾಗು ಅಂದೆ, ಅಷ್ಟೇ. ನೀನು ತಳದಲ್ಲಿರು, ನಾನು ಮೇಲಿರ್ತೀನಿ. ನಿನಗೇನು, ಮೂಳೆ ಇದೆಯಾ ಮುರಿಯೋಕೆ?"

"ಅಕ್ಕ," ಗೆಂಡೆ ಮೀನು ಪಿಸುಗುಟ್ಟಿತು, "ನೀನು ಅಂಗೈಯಷ್ಟಾದ್ರೆ ನನ್ನ ಮೊಟ್ಟೆಗಳು ಅಪ್ಪಚ್ಚಿ."

ಗುಡ್ಡಪ್ಪ ಕೇಳುವವನಲ್ಲ. ಹೊಂಡದ ಸುತ್ತ ಗಟ್ಟಿ ಬಂಡೆ. ಅದರ ಬಾಯಿ ಸರಿಯಾಗಿ ಅವನ ಕುಂಡೆಯ ಅಳತೆಗಿತ್ತು. ನೀರಕ್ಕ ಹೊರಗೆ ಹರಿಯಲು ಇದ್ದದ್ದು ಒಂದೇ ಒಂದು ಬಿರುಕು. "ನೀನು ಜಾರಿಕೊಳ್ಳೋಳು, ಗೊತ್ತು ನನಗೆ," ಅಂತ ಅದಕ್ಕೂ ಜೇಡಿಮಣ್ಣು ಮೆತ್ತಿದ. ಆಮೇಲೆ ಬಾಟಲಿಗೆ ಬಿರಡೆ ಇಟ್ಟಂತೆ ಧಡಕ್ಕನೆ ಕೂತ.

ಹೊಂಡದೊಳಗೆ ಕತ್ತಲೆ. ನೀರಕ್ಕ ಪಾಚಿಯ ಮೊಟ್ಟೆಗಳ ಕಡೆ ತಿರುಗಿದಳು. ತಾನೂ ಹತ್ತಿಯಂತೆ ಕುಗ್ಗಿಬಿಟ್ಟರೆ? ಮೊಟ್ಟೆಗಳ ಗತಿ?

ಮೂಲೆಯಲ್ಲಿ ಗಾಳಿಯ ಗುಳ್ಳೆಯೊಂದು ಸಿಕ್ಕಿಬಿದ್ದಿತ್ತು. ಗುಡ್ಡಪ್ಪ ಕೂತದ್ದೇ ತಡ, ನಿಂಬೆಹಣ್ಣಿನಷ್ಟಿದ್ದದ್ದು ಸಾಸಿವೆಯಷ್ಟಾಗಿತ್ತು.

"ಹೇಗಪ್ಪ ಕುಗ್ಗಿದೆ ನೀನು?" ನೀರಕ್ಕ ಕೇಳಿದಳು.

"ನನ್ನ ಮಕ್ಕಳು ದೂರದೂರ ಓಡಾಡ್ಕೊಂಡಿರ್ತಾರಕ್ಕ. ಮಧ್ಯೆ ಪೂರ್ತಿ ಖಾಲಿ. ಒತ್ತಿದ್ರೆ ಹತ್ತಿರ ಬರ್ತಾರೆ. ಖಾಲಿ ಇರೋರಷ್ಟೇ ಕುಗ್ಗೋದು."

ನೀರಕ್ಕ ಗಾಬರಿಯಿಂದ ತನ್ನ ಕಣಗಳನ್ನು ಕೂಗಿದಳು. "ಮಕ್ಕಳೇ, ನಿಮ್ಮ ಮಧ್ಯೆ ಎಷ್ಟು ಖಾಲಿ ಇದೆ?"

"ಖಾಲಿ ಎಲ್ಲಿ ಬಂತವ್ವ?" ಒಂದು ಕಣ ರೇಗಿತು. "ಇವಳ ಮೊಣಕೈ ನನ್ನ ಪಕ್ಕೇಲಿದೆ."

"ನಿನ್ನ ಮೊಣಕಾಲು ನನ್ನ ಬೆನ್ನಲ್ಲಿಲ್ವಾ? ಮೊದಲು ಅದನ್ನ ತೆಗಿ."

ಮನೆ ತುಂಬಾ ಅದೇ ಜಗಳ. ಕೇಳುತ್ತಾ ಕೇಳುತ್ತಾ ನೀರಕ್ಕನ ಮುಖ ಅರಳಿತು. "ಜಗಳ ಆಡಿ, ಚೆನ್ನಾಗಿ ಆಡಿ," ಅಂದಳು. "ಯಾರೂ ಜಾಗ ಬಿಡಬೇಡಿ."

ಮೇಲಿಂದ ಗುಡ್ಡಪ್ಪ ಒತ್ತಿದ. ಇಳಿಯಲಿಲ್ಲ. ಉಸಿರು ಬಿಗಿಹಿಡಿದು ಒತ್ತಿದ. ಇಳಿಯಲಿಲ್ಲ. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ತನ್ನ ಅಣ್ಣ ಬಂಡೆಪ್ಪನನ್ನು ಕರೆದು ಹೆಗಲ ಮೇಲೆ ಕೂರಿಸಿಕೊಂಡ. ಗುಡ್ಡದ ಮೇಲೊಂದು ಗುಡ್ಡ.

"ಏನೋ ತಮ್ಮ, ನೀರಿನ ಮೇಲೆ ಕೂತಿದ್ದೀಯೋ, ಕಬ್ಬಿಣದ ಮೇಲೋ?" ಅಂದ ಬಂಡೆಪ್ಪ.

ನೀರಕ್ಕ ಕುಗ್ಗಲಿಲ್ಲ. ಕೂದಲೆಳೆಯಷ್ಟು ಕುಗ್ಗಿದಳು ಅಂತ ಗುಡ್ಡಪ್ಪನ ಕಡೆಯವರು ಈಗಲೂ ವಾದ ಮಾಡುತ್ತಾರೆ. ಕುಗ್ಗಿರಬಹುದು. ಮನೆಗೆ ಬಂದವರಿಗೆ ಅಷ್ಟಾದರೂ ಮರ್ಯಾದೆ ತೋರಿಸಬೇಡವೇ?

ಇನ್ನು ಮೊಟ್ಟೆಗಳು. ಅವುಗಳ ಒಳಗಿದ್ದದ್ದೂ ಬಹುಪಾಲು ನೀರೇ, ನೀರಕ್ಕನ ನೆಂಟರೇ. ಅವೂ ಒಳಗಿಂದ ಎದೆ ಸೆಟೆಸಿ ನಿಂತವು. ಒಂದೇ ಒಂದು ಮೊಟ್ಟೆ ಒಡೆಯಲಿಲ್ಲ.

ಎರಡು ಗುಡ್ಡಗಳ ಒತ್ತಡವನ್ನು ನೀರಕ್ಕ ತನ್ನ ಹತ್ತಿರ ಇಟ್ಟುಕೊಳ್ಳಲೂ ಇಲ್ಲ. ಕಣದಿಂದ ಕಣಕ್ಕೆ, ಕೈಯಿಂದ ಕೈಗೆ ದಾಟಿಸಿದಳು. ತಳಕ್ಕೆ ಮುಟ್ಟಿಸಿದಳು, ತಳ ಗಟ್ಟಿ. ಗೋಡೆಗೆ ಮುಟ್ಟಿಸಿದಳು, ಗೋಡೆ ಗಟ್ಟಿ. ಬಿರುಕಿನ ಜೇಡಿಮಣ್ಣಿಗೆ ಮುಟ್ಟಿಸಿದಳು.

ಫಟ್ ಅಂತ ಮಣ್ಣು ಹಾರಿತು. ಈಟಿಯಂಥ ಒಂದು ಚಿಲುಮೆ ಹೊರಗೆ ಚಿಮ್ಮಿ ನೇರವಾಗಿ ಗುಡ್ಡಪ್ಪನ ಮೂಗಿನೊಳಗೆ ಹೊಕ್ಕಿತು.

ಗುಡ್ಡಪ್ಪ ಸೀನಿದ. ಗುಡ್ಡ ಸೀನುವುದೆಂದರೆ ಏನು ಸಾಮಾನ್ಯವೇ? ಬಂಡೆಪ್ಪ ಹೆಗಲಿನಿಂದ ಉರುಳಿ ಅಷ್ಟು ದೂರ ಹೋಗಿ ಬಿದ್ದ. ಗುಡ್ಡಪ್ಪ ಎದ್ದನೋ ಬಿದ್ದನೋ ಅಂತ ಓಡಿ, ಬಯಲಿನ ಆಚೆ ತುದಿಯಲ್ಲಿ ಕುಕ್ಕರಿಸಿದ. ಕೂತವನು ಮತ್ತೆ ಏಳಲೇ ಇಲ್ಲ. ಅವನನ್ನು ನೋಡಿ ಉಳಿದ ಗುಡ್ಡಗಳೂ ನಡೆದಾಟ ಬಿಟ್ಟು, ಇದ್ದಲ್ಲೇ ಕೂತುಬಿಟ್ಟವು.

ಹೊಂಡದಿಂದ ಹೋದದ್ದು ಒಂದು ಕೊಡದಷ್ಟು ನೀರು, ಅಷ್ಟೇ. ಸಂಜೆ ಮೊಟ್ಟೆಯೊಡೆದು ಮರಿಗಳು ಹೊರಬಂದಾಗ ಹೊಂಡ ಕಣ್ಣೀರಿನಷ್ಟು ತಿಳಿಯಾಗಿತ್ತು. ಗೆಂಡೆ ಮೀನು ಮರಿಗಳನ್ನು ಕರೆದುಕೊಂಡು ಮೂಲೆಮೂಲೆಯೂ ಸುತ್ತಿ ಬಂತು. ದಡದಲ್ಲಿ ಹತ್ತಿ, ಹುಲ್ಲು, ಗಾಳಿ ಎಲ್ಲರೂ ಸೇರಿದ್ದರು. ಅವರ ಮುಂದೆ ನೀರಕ್ಕ ತಲೆಯೆತ್ತಿ ಹೇಳಿದಳು:

"ಪಕ್ಕಕ್ಕೆ ಹೋಗು ಅನ್ನಿ, ಹೋಗ್ತೀನಿ. ಬಟ್ಟಲಾಗು ಅನ್ನಿ, ಆಗ್ತೀನಿ. ಚಿಕ್ಕದಾಗು ಅಂತ ಮಾತ್ರ ಯಾರೂ ಬರಬೇಡಿ."

ಎಣ್ಣೆ, ಹಾಲು, ಜೇನುತುಪ್ಪ ಕೂಡ "ನಾವೂ ಅಕ್ಕನ ಕಡೆ" ಅಂದವು. ಕಲ್ಲು ಏನೂ ಅನ್ನಲಿಲ್ಲ. ಅದು ಮೊದಲಿಂದಲೂ ಅಷ್ಟೇ. ಗಾಳಿ ಮಾತ್ರ "ನನಗೆ ಹಳೇ ಪದ್ಧತಿನೇ ಸರಿ" ಅಂತ ನಗುತ್ತಾ ಹೊರಟುಹೋಯಿತು.

ಅದಕ್ಕೇ ನೋಡಿ, ಖಾಲಿ ಪಿಚಕಾರಿಯ ಬಾಯಿಗೆ ಬೆರಳಿಟ್ಟು ಹಿಡಿಕೆ ಒತ್ತಿದರೆ ಒಳಗಿನ ಗಾಳಿ ಕುಗ್ಗಿ ದಾರಿ ಬಿಡುತ್ತದೆ; ಅದೇ ಪಿಚಕಾರಿಗೆ ಗಾಳಿಯ ಗುಳ್ಳೆಯೂ ಇಲ್ಲದಂತೆ ನೀರು ತುಂಬಿ, ಬಾಯಿ ಬಿಗಿಯಾಗಿ ಮುಚ್ಚಿ, ನೀವಲ್ಲ, ನಿಮ್ಮ ದೊಡ್ಡಪ್ಪನೇ ಮುಖ ಕೆಂಪಗೆ ಮಾಡಿಕೊಂಡು ಒತ್ತಿದರೂ ನೀರಕ್ಕ ಜಾಗ ಬಿಡುವುದಿಲ್ಲ.