ಹೂಂ ಅಂದವನ ಮನೆ

"ಬುದ್ಧಿ, ನಾನು ತೆರೆಯದ ಆ್ಯಪ್‌ಗಳು ತಾವಾಗಿಯೇ ಇಂಟರ್ನೆಟ್ಟಿಗೆ ಹೋಗಿಬರುವುದೇಕೆ?" ಎಂದು ಮರುಳಯ್ಯ ಗುರುಗಳನ್ನು ಕೇಳಿದ. ಮಠದ ಕಂಪ್ಯೂಟರ್ ನೋಡಿಕೊಳ್ಳುವ ಶಿಷ್ಯ ಅವನು. ಶಾಲೆಯ ಮಕ್ಕಳ ಪರೀಕ್ಷೆಯ ಅರ್ಜಿಗಳು ಸಂಜೆಯೊಳಗೆ ಹೋಗಬೇಕಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. "ಹವಾಮಾನವಂತೆ, ಸುದ್ದಿಯಂತೆ, ಎಲ್ಲ ಕಂಪ್ಯೂಟರಿನ ಜೊತೆಗೇ ಬಂದವು. ಮರೆಯಲ್ಲಿ ಕೂತು ನೆಟ್ ಪೂರ್ತಿ ನುಂಗುತ್ತಿವೆ. ಎಲ್ಲವನ್ನೂ ಕಿತ್ತೆಸೆಯಲೇ?"

"ಒಂದು ಕತೆ ಹೇಳುತ್ತೇನೆ. ಹೂಂಗುಟ್ಟುತ್ತ ಕೇಳು," ಎಂದರು ಗುರುಗಳು.

"ಹೂಂ," ಎಂದ ಮರುಳಯ್ಯ. ಅವನ ಕಣ್ಣು ಪರದೆಯ ಮೇಲೆಯೇ ಇತ್ತು. ಗುರುಗಳು ಶುರುಮಾಡಿದರು.

ಒಬ್ಬ ವರ್ತಕ ಒಂದು ಮನೆ ಕೊಂಡ. ಆಳುಗಳೂ ಮನೆಯ ಜೊತೆಗೇ ಬಂದರು. ಮನೆಗೆ ಇದ್ದದ್ದು ಒಂದೇ ಎತ್ತಿನ ಗಾಡಿ. ಅದನ್ನು ಕಟ್ಟಿಕೊಂಡು ಅವರು ದಿನವಿಡೀ ಹೋಗಿಬರುತ್ತಿದ್ದರು. ತೋಟದವನು ಬೀಜದಂಗಡಿಗೆ, ಮಳೆಯ ಆಳು ಪಂಚಾಂಗದವರ ಮನೆಗೆ, ನಾಳೆಯಿಂದ ದಾಸೋಹದ ಹಂಡೆ ಉಜ್ಜುವವನು ನೀನು, ಕಾವಲುಗಾರ ಚಾವಡಿಗೆ.

"ಹೂಂ."

ಒಂದು ಮಧ್ಯಾಹ್ನ ವರ್ತಕನ ಹೆಂಡತಿಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿಯನ್ನು ಕರೆತರಲು ವರ್ತಕ ಕೊಟ್ಟಿಗೆಗೆ ಓಡಿದ. ಗಾಡಿ ಇಲ್ಲ, ಎತ್ತುಗಳೂ ಇಲ್ಲ. ಪಂಚೆ ಎತ್ತಿ ಕಟ್ಟಿ ಆಚೆ ಕೇರಿಗೆ ಓಡಿದ. ಸೂಲಗಿತ್ತಿಗೆ ಮಂಡಿನೋವು. ಅವಳನ್ನು ಬೆನ್ನ ಮೇಲೆ ಹೊತ್ತು ತಂದ. ಬೀದಿಗೆ ಬೀದಿಯೇ ನಿಂತು ನೋಡಿತು. ಮನೆ ಮುಟ್ಟುವಷ್ಟರಲ್ಲಿ ಮಗು ಹುಟ್ಟಿ ಅಳುತ್ತಿತ್ತು. ಹಿಂದೆಯೇ ಗಾಡಿ ಬಂತು. ಮಳೆಯ ಆಳು ಇಳಿದು ಕೈಮುಗಿದು, "ನಾಳೆ ಮಳೆ ಇಲ್ಲವಂತೆ, ಧಣಿ," ಎಂದ.

"ನಿನ್ನನ್ನು ಕೇಳಿದವರು ಯಾರೋ?"

"ನೀವು ಕೇಳಿದ ತಕ್ಷಣ ಹೇಳಬೇಕಲ್ಲ ಧಣಿ, ಅದಕ್ಕೇ ದಿನಕ್ಕೆ ಹತ್ತು ಸಲ ಹೋಗಿಬರುತ್ತೇನೆ."

ವರ್ತಕನ ಪಿತ್ತ ನೆತ್ತಿಗೇರಿತು. ಇನ್ನು ಯಾವ ಆಳೂ ಹೊಸ್ತಿಲು ದಾಟಕೂಡದೆಂದು ಅಪ್ಪಣೆ ಮಾಡಿದ.

ಮೂರು ದಿನ ನೆಮ್ಮದಿಯಾಗಿತ್ತು. ನಾಲ್ಕನೆಯ ದಿನ ಕಾವಿ ತೊಟ್ಟ ಕಳ್ಳನೊಬ್ಬ ಬಂದ. ಅಂಥವನು ತಿರುಗುತ್ತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಚಾವಡಿಗೆ ಹೋಗಿ ಹೊಸ ಕಳ್ಳರ ಗುರುತು ಕೇಳಿಬರುತ್ತಿದ್ದ ಕಾವಲುಗಾರನಿಗೆ ಮಾತ್ರ ಗೊತ್ತಿರಲಿಲ್ಲ. ಅವನು ಕಳ್ಳನ ಕಾಲಿಗೆ ಬಿದ್ದು ಒಳಗೆ ಕರೆದ. ಕಳ್ಳ ಮಗುವನ್ನು ಹರಸಿ, ಅದರ ಬೆಳ್ಳಿಯ ಹಾಲುಬಟ್ಟಲನ್ನು ಜೋಳಿಗೆಗೆ ಹಾಕಿಕೊಂಡು ನಡೆದ. ಕಾವಿ ತೊಟ್ಟವರನ್ನೆಲ್ಲ ನಂಬಬಾರದು, ನನ್ನನ್ನೂ ಸೇರಿಸಿ.

"ಹೂಂ," ಎಂದ ಮರುಳಯ್ಯ.

ವರ್ತಕ ಮನೆ ಮಾರಿದವನ ಬಳಿಗೆ ಹೋಗಿ ಕೂಗಾಡಿದ. "ಎಂಥ ಆಳುಗಳನ್ನು ನನ್ನ ತಲೆಗೆ ಕಟ್ಟಿದಿರಿ!"

"ನಿಮ್ಮನ್ನು ಕೇಳಿಯೇ ಬಿಟ್ಟುಬಂದೆ, ಯಜಮಾನರೇ. ಬೀಗದ ಕೈ ಕೊಡುವ ದಿನ ಒಬ್ಬೊಬ್ಬನ ಹೆಸರು, ಕೆಲಸ ಎಲ್ಲ ಓದಿ ಹೇಳಿದೆ. ನೀವು ಬೀಗದ ಕೈಯನ್ನೇ ನೋಡುತ್ತ ಎಲ್ಲದಕ್ಕೂ ಹೂಂ ಅಂದಿರಿ."

ವರ್ತಕ ಮನೆಗೆ ಬಂದು ಆಳುಗಳನ್ನು ಸಾಲಾಗಿ ನಿಲ್ಲಿಸಿದ. ನೀನು ಹೋಗುವುದು ಯಾರಿಗಾಗಿ ಎಂದು ಮೊದಲ ಬಾರಿಗೆ ಒಬ್ಬೊಬ್ಬನನ್ನೂ ಕೇಳಿದ. ಕಾವಲುಗಾರ ದಿನವೂ ಹೋಗಿಬರಲಿ ಎಂದ. ಮಳೆಯ ಆಳು ಹೇಳಿದಾಗ ಹೋದರೆ ಸಾಕೆಂದ. ತೋಟದವನು ಬೀಜದಂಗಡಿಯ ನೆಪದಲ್ಲಿ ಹೋಗಿ, ಈ ಮನೆಯವರು ಏನು ಉಂಡರು, ಏನು ಉಟ್ಟರು ಎಂಬುದನ್ನು ಮನೆ ಮಾರಿದವನಿಗೆ ಒಪ್ಪಿಸಿ ಬರುತ್ತಿದ್ದ. ಅವನನ್ನು ಅಲ್ಲಿಗೇ ಅಟ್ಟಿದ. ಅಂದಿನಿಂದ ಗಾಡಿ ಬೇಕಾದಾಗ ಕೊಟ್ಟಿಗೆಯಲ್ಲಿ ಸಿಗತೊಡಗಿತು.

ಯಾರಿಗಾಗಿ ಎಂಬ ಮಾತು ಮರುಳಯ್ಯನ ಕಿವಿಗೆ ಬಿತ್ತು. ಅವನು ಆ್ಯಪ್‌ಗಳನ್ನು ಒಂದೊಂದಾಗಿ ನೋಡಿ, ಬೇಡದವನ್ನು ನಿಲ್ಲಿಸಿದ. ಚಕ್ರ ನಿಂತಿತು, ಅರ್ಜಿಗಳು ಹೋದವು. ಅವನಿಗೆ ಹೋದ ಜೀವ ಬಂದಂತಾಯಿತು.

"ಎಂಥ ದಡ್ಡ, ಬುದ್ಧಿ, ಆ ವರ್ತಕ! ಕೇಳಿಸಿಕೊಳ್ಳದೆ ಯಾರಾದರೂ ಹೂಂ ಅನ್ನುತ್ತಾರೆಯೇ?"

"ಬೆಳಿಗ್ಗೆ ಐದಕ್ಕೆ ಬಾ. ಹಂಡೆ ಉಜ್ಜಲು ಹುಣಸೆಹಣ್ಣು ತೆಗೆದಿಡಿಸಿದ್ದೇನೆ."

"ಯಾವ ಹಂಡೆ, ಬುದ್ಧಿ?"

"ನೀನು ಆಗಲೇ ಹೂಂ ಅಂದ ಹಂಡೆ," ಎಂದರು ಗುರುಗಳು.